ಭಾಗಗಳೆಲ್ಲ ಬದಲಾದ ಮೇಲೆ

ಹವ್ಯಾಸಿ ರೋಡ್ ಸೈಕ್ಲಿಸ್ಟ್‌ನ ಸೈಕಲ್ಲು ಒಮ್ಮೆಲೇ ಬದಲಾಗುವುದಿಲ್ಲ. ಮೊದಲು ಟೈರು, ಆಮೇಲೆ ಚಕ್ರ, ಗೇರು, ಹ್ಯಾಂಡಲ್. ಕೊನೆಗೆ ಅಲ್ಯೂಮಿನಿಯಂ ಫ್ರೇಮಿನ ಜಾಗಕ್ಕೆ ಕಾರ್ಬನ್ ಫ್ರೇಮು ಬರುತ್ತದೆ. ಹಳೆಯದೊಂದೂ ಉಳಿಯದಿದ್ದರೂ ಅದು ಅದೇ ಸೈಕಲ್ಲೇ?

ಪ್ರಶ್ನೆ ಹಳೆಯದು. ಹಲಗೆಗಳು ಬದಲಾಗುತ್ತ ಬಂದ ಗ್ರೀಕ್ ಪುರಾಣವೀರ ಥೀಸಿಯಸ್‌ನ ಹಡಗಿನ ಬಗ್ಗೆ ತತ್ತ್ವಜ್ಞಾನಿಗಳು ವಾದಿಸುತ್ತಿದ್ದುದನ್ನು ಪ್ರಾಚೀನ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ. 17ನೆಯ ಶತಮಾನದಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್, ಕಿತ್ತ ಹಲಗೆಗಳನ್ನೇ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ ಮೂಲ ಹಡಗು ಯಾವುದು ಎಂದು ಕೇಳಿದ. ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನ ಉತ್ತರವಿದೆ: ಚಕ್ರವೂ ರಥವಲ್ಲ, ಅಚ್ಚೂ ರಥವಲ್ಲ, ಭಾಗಗಳನ್ನು ಅವಲಂಬಿಸಿ ಇಟ್ಟ ಹೆಸರೇ ರಥ. ಮನುಷ್ಯನೂ ಹಾಗೆಯೇ.

ಮನೆಯೊಳಗಿನ ತರಬೇತಿ ಈ ಪ್ರಶ್ನೆಯನ್ನು ಸವಾರನತ್ತ ತಿರುಗಿಸುತ್ತದೆ. ಹಿಂದಿನ ಚಕ್ರ ಕಳಚಿ ಸೈಕಲ್ಲನ್ನು ಟ್ರೈನರ್ ಯಂತ್ರದ ಮೇಲೆ ಕೂರಿಸಿದಾಗ ಸೀಳಬೇಕಾದ ಗಾಳಿಯಿಲ್ಲ, ತೂಕ ಹೊತ್ತು ಏರಬೇಕಾದ ಘಾಟಿಯಿಲ್ಲ. ದುಬಾರಿ ಚಕ್ರ ಗೋಡೆಗೆ ಒರಗಿರುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಹ್ಯಾಂಡಲ್ ಮೇಲೆ ಬೆವರು ತೊಟ್ಟಿಕ್ಕುತ್ತದೆ. ಪರದೆ ತೋರಿಸುವುದು ಕಾಲಿನ ಶಕ್ತಿಯನ್ನು, ವಾಟ್‌ಗಳಲ್ಲಿ.

ಆ ಕಾಲೂ ಬದಲಾಗುತ್ತದೆ. ಸತತ ಅಭ್ಯಾಸದಿಂದ ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಆದರೆ ಸೈಕಲ್ಲಿನ ಬದಲಾವಣೆಯೂ ದೇಹದ ಬದಲಾವಣೆಯೂ ಒಂದೇ ಅಲ್ಲ. ಕೊಂಡ ಭಾಗವನ್ನು ಕಳಚಿ ಇನ್ನೊಬ್ಬರಿಗೆ ಮಾರಬಹುದು; ದುಡಿದು ಪಡೆದ ಕಸುವನ್ನು ಮಾರಲಾಗದು. ಬಹುಕಾಲ, ಬಿಡದೆ, ಶ್ರದ್ಧೆಯಿಂದ ಮಾಡಿದ ಅಭ್ಯಾಸವೇ ಬೇರೂರುತ್ತದೆ ಎಂಬುದು ಪತಂಜಲಿಯ ಯೋಗಸೂತ್ರಗಳ ನಿಲುವು.

ನಾಗಸೇನನ ಮಾತನ್ನು ಒಪ್ಪಿದರೂ ಸವಾರ ಬರೀ ಹೆಸರಾಗಿ ಉಳಿಯುವುದಿಲ್ಲ. ನಿನ್ನೆಯ ಶ್ರಮ ಇಂದಿನ ದೇಹಕ್ಕೆ ಕಾರಣವಾಗುತ್ತದೆ. ಈ ಕಾರ್ಯಕಾರಣದ ಸರಣಿಯೇ ಅವನ ಗುರುತು.