ಹಣ ಕೊಟ್ಟು ಕೊಂಡ ಭಯ

ಭಯದಿಂದ ದೂರವಿರಬೇಕೆಂಬುದು ಮನುಷ್ಯನ ಸಹಜ ಬಯಕೆ. ಮನೆಗೆ ಬಾಗಿಲು, ಬಾಗಿಲಿಗೆ ಚಿಲಕ, ಊರಿಗೆ ಪೊಲೀಸ್ ಠಾಣೆ ಎಲ್ಲವೂ ಹುಟ್ಟಿಕೊಂಡದ್ದು ಅದೇ ಬಯಕೆಯಿಂದ. ಹೀಗಿದ್ದೂ ರಜೆ ಬಂತೆಂದರೆ ಬೆಂಗಳೂರಿನ ಜನ ಬಿಡದಿ ಬಳಿಯ ವಂಡರ್‌ಲಾ ಉದ್ಯಾನಕ್ಕೆ ಹೋಗಿ, ಹಣ ತೆತ್ತು, ಸಾಲುನಿಂತು ಭಯವನ್ನು ಕೊಂಡುಕೊಳ್ಳುತ್ತಾರೆ. ಚೀರುತ್ತ ಕೆಳಗಿಳಿದವರೇ ನಗುತ್ತ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಅವರು ಅನುಭವಿಸಿದ್ದು ಭಯವೇ? ಭಯವೇ ಆಗಿದ್ದರೆ ಅದು ಸುಖವಾಗುವುದು ಹೇಗೆ?

2005ರಲ್ಲಿ ಆರಂಭವಾದ ಈ ಉದ್ಯಾನಕ್ಕೆ ನಾವು ಸೋಲದೇವನಹಳ್ಳಿಯಿಂದ ಮನೆಮಂದಿಯೊಂದಿಗೆ ಹಲವು ವರ್ಷಗಳ ನಂತರ ಮತ್ತೊಮ್ಮೆ ಹೋಗಿದ್ದೆವು. ಹೆಸರಘಟ್ಟ ರಸ್ತೆ, ತುಮಕೂರು ರಸ್ತೆ, ನೈಸ್ ರಸ್ತೆ ದಾಟಿ ಮೈಸೂರು ರಸ್ತೆ ಸೇರುವಾಗಲೇ ಮಕ್ಕಳ ಬಾಯಲ್ಲಿ 'ರಿಕಾಯಿಲ್' ಎಂಬ ಹೆಸರು. ಈ ರೋಲರ್ ಕೋಸ್ಟರ್ ಬೋಗಿಗಳನ್ನು ಮೊದಲು ಹಿಮ್ಮುಖವಾಗಿ ಎತ್ತರಕ್ಕೆ ಎಳೆದೊಯ್ದು ಕೈಬಿಡುತ್ತದೆ. ಗಾಡಿ ರಭಸದಿಂದ ಧುಮುಕಿ, ನಮ್ಮನ್ನು ತಲೆಕೆಳಗು ಮಾಡಿ, ಇನ್ನೊಂದು ತುದಿಯನ್ನು ಏರಿ, ಬಂದ ದಾರಿಯಲ್ಲೇ ಹಿಂದೆ ಹಿಂದೆ ಮರಳುತ್ತದೆ. ಮೊದಲ ಸವಾರಿಯಲ್ಲಿ ಮುಂದೇನು ಎಂಬುದು ತಿಳಿದಿರುವುದಿಲ್ಲ, ಹೆದರುವುದು ಸಹಜ. ಆದರೆ ಎರಡನೆಯ ಸವಾರಿಯಲ್ಲಿ ಎಲ್ಲವೂ ತಿಳಿದಿತ್ತು. ಆದರೂ ಬೆರಳುಗಳು ಸರಳನ್ನು ಬಿಗಿಹಿಡಿದೇ ಇದ್ದವು.

ತಿಳುವಳಿಕೆ ಬಂದ ಮೇಲೂ ಭಯ ಏಕೆ ಹೋಗುವುದಿಲ್ಲ ಎಂಬುದು ಹಳೆಯ ಪ್ರಶ್ನೆ. ಸಾವಿರ ವರ್ಷಗಳ ಹಿಂದೆ ವೈದ್ಯನೂ ದಾರ್ಶನಿಕನೂ ಆಗಿದ್ದ ಇಬ್ನ್ ಸೀನಾ ಇದಕ್ಕೊಂದು ಸರಳ ಉದಾಹರಣೆ ಕೊಟ್ಟಿದ್ದ. ನೆಲದ ಮೇಲೆ ಹಾಸಿದ ಹಲಗೆಯ ಮೇಲೆ ಸಲೀಸಾಗಿ ನಡೆಯುವವನು, ಅದೇ ಹಲಗೆಯನ್ನು ಕಂದರದ ಮೇಲೆ ಸೇತುವೆಯಾಗಿ ಇಟ್ಟರೆ ನಡುಗುತ್ತಾನೆ. ಹಲಗೆಯ ಅಗಲ ಕಡಿಮೆಯಾಗಿಲ್ಲ, ಕಾಲಿನ ಬಲ ಕುಂದಿಲ್ಲ. ಬೀಳುವ ಚಿತ್ರವೊಂದು ಮನಸ್ಸಿನಲ್ಲಿ ಮೂಡಿ ದೇಹವನ್ನು ಆಳತೊಡಗುತ್ತದೆ, ಅಷ್ಟೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತರದ ಗೋಪುರದಿಂದ ಕಬ್ಬಿಣದ ಪಂಜರದಲ್ಲಿ ತೂಗಿಬಿಟ್ಟ ಮನುಷ್ಯನ ಮಾತೆತ್ತಿದ. ಪಂಜರ ಭದ್ರವಾಗಿದೆಯೆಂದು ಗೊತ್ತಿದ್ದೂ ಆತ ಕೆಳಗೆ ನೋಡಿ ಕಂಪಿಸುತ್ತಾನೆ. ರೋಲರ್ ಕೋಸ್ಟರ್ ಎಂದರೆ ಓಡುವ ಪಂಜರವೇ ಸರಿ. ಬುದ್ಧಿ 'ಏನೂ ಆಗದು' ಎನ್ನುತ್ತದೆ, ದೇಹ 'ಸತ್ತೆ' ಎನ್ನುತ್ತದೆ. ಆಟದ ಸುಖ ಇರುವುದು ಈ ಎರಡರ ಜಗಳದಲ್ಲಿ. ಬುದ್ಧಿಯ ಮಾತು ಸುಳ್ಳಾದ ಕ್ಷಣವೇ ಸುಖವೆಲ್ಲ ಕರಗಿಹೋಗುತ್ತದೆ.

ಹಾಗಾದರೆ ಬುದ್ಧಿಗೆ ಆ ಧೈರ್ಯ ಬಂದದ್ದು ಎಲ್ಲಿಂದ? 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಐದು ಸೆಂಟ್ ಶುಲ್ಕಕ್ಕೆ ಓಡಿಸಿದ ಗಾಡಿಯ ವೇಗ ಗಂಟೆಗೆ ಸುಮಾರು 10 ಕಿ.ಮೀ. ಮಾತ್ರ. ವೇಗ ಹೆಚ್ಚಿದಂತೆ ಗಾಡಿ ಹಳಿಯಿಂದ ಹಾರಿಹೋಗುವ ಅಪಾಯವೂ ಹೆಚ್ಚುತ್ತದೆ. 1919ರಲ್ಲಿ ಜಾನ್ ಮಿಲ್ಲರ್ ಹಳಿಯ ಅಡಿಯಿಂದಲೂ ಗಾಡಿಯನ್ನು ಹಿಡಿದಿಡುವ ಚಕ್ರಗಳಿಗೆ ಪೇಟೆಂಟ್ ಪಡೆದ. ಇಂದಿನ ಗಾಡಿಗಳನ್ನು ಹಳಿಯ ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ ಹೀಗೆ ಮೂರು ಕಡೆಯಿಂದ ಚಕ್ರಗಳು ಅಪ್ಪಿಕೊಂಡಿರುತ್ತವೆ. ಒಂದಕ್ಕಿಂತ ಹೆಚ್ಚು ಗಾಡಿಗಳು ಓಡುವ ಕಡೆ, ಮುಂದಿನ ಭಾಗ ಖಾಲಿಯಾಗದೆ ಹಿಂದಿನ ಗಾಡಿಯನ್ನು ಬಿಡುವುದಿಲ್ಲ. ನಮ್ಮ ಸೋಲದೇವನಹಳ್ಳಿ ನಿಲ್ದಾಣದಲ್ಲಿ ರೈಲು ಸಿಗ್ನಲ್‌ಗಾಗಿ ಕಾಯುವುದೂ ಇದೇ ತತ್ವಕ್ಕೆ. ಇದರ ಜೊತೆಗೆ ದ್ವಾರ ತೆರೆಯುವ ಮೊದಲೇ ಬಂದು ಬೋಲ್ಟು, ಬ್ರೇಕು ನೋಡುವ, ಖಾಲಿ ಗಾಡಿ ಓಡಿಸಿ ಪರೀಕ್ಷಿಸುವ ಕೆಲಸಗಾರರಿರುತ್ತಾರೆ. ಅವರ ಹೆಸರು ನಮಗೆ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ.

ಇಳಿದು ಬಂದವರು ಎದೆಯುಬ್ಬಿಸಿ ಹೇಳಿಕೊಳ್ಳುವ ಧೈರ್ಯ, ಆದ್ದರಿಂದ, ಧೈರ್ಯವೇ ಅಲ್ಲ. ಅದು ನಂಬಿಕೆ. ಗುರುತೇ ಇಲ್ಲದವರ ಪ್ರಾಮಾಣಿಕತೆಯ ಮೇಲೆ ನಾವು ಪ್ರಾಣವನ್ನಿಟ್ಟಿರುತ್ತೇವೆ. ಆ ಪ್ರಾಮಾಣಿಕತೆ ತಪ್ಪಿದರೆ ಆಟ ಎಂಬ ಹೆಸರೂ ಉಳಿಯುವುದಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ ತೂಗುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು, ಅನೇಕರು ಗಾಯಗೊಂಡರು. ಅವರೂ ಟಿಕೇಟು ಕೊಂಡದ್ದು ಆಟದ ಭಯಕ್ಕೇ.

ಆಟದ ಭಯಕ್ಕೆ ಇನ್ನೊಂದು ಷರತ್ತೂ ಇದೆ: ಒಪ್ಪಿಗೆ. ನಮ್ಮ ಸಾಲಿನಲ್ಲಿ ಹತ್ತು ಹನ್ನೆರಡರ ಹುಡುಗನೊಬ್ಬ, ಸರದಿ ಬಂದಾಗ "ನಾನು ಬರಲ್ಲ ಮಾಮ" ಎಂದು ಹಿಂದೆ ಸರಿದ. ಹಿಂದಿದ್ದ ಕೆಲವರು "ಪುಕ್ಕಲ" ಎಂದು ನಕ್ಕರು. ಮಾಮ ಮಾತ್ರ ನಗಲಿಲ್ಲ. "ಬೇಡ ಅಂದ್ರೆ ಬೇಡ ಬಿಡಪ್ಪ" ಎಂದು ಅವನ ಕೈಹಿಡಿದು ಸಾಲಿನಿಂದ ಹೊರಗೆ ಹೋದರು. ಒಲ್ಲೆ ಎನ್ನಬಹುದಾದ್ದರಿಂದಲೇ ಅದು ಆಟ. ಒಲ್ಲದವನನ್ನು ಎಳೆದು ಕೂರಿಸಿದರೆ ಅದೇ ಯಂತ್ರ ಹಿಂಸೆಯ ಸಾಧನವಾಗುತ್ತದೆ. ಅಷ್ಟು ಜನರೆದುರು 'ನನಗೆ ಭಯ' ಎಂದ ಆ ಹುಡುಗನಲ್ಲಿ, ಸರಳು ಹಿಡಿದು ಕುಳಿತ ನಮಗಿಂತ ಹೆಚ್ಚು ಧೈರ್ಯವಿತ್ತು.

ಒಲ್ಲೆ ಎನ್ನುವ ಸ್ವಾತಂತ್ರ್ಯ ಇಲ್ಲದವರೂ ನಮ್ಮ ನಡುವೆ ಇದ್ದಾರೆ. ಸೋಲದೇವನಹಳ್ಳಿಯ ಸುತ್ತಮುತ್ತ ಕಾಲೇಜುಗಳು ಬಂದ ಮೇಲೆ ಹಾಸ್ಟೆಲು, ವಸತಿ ಸಮುಚ್ಚಯಗಳು ಏಳುತ್ತಲೇ ಇವೆ. ಅಲ್ಲಿ ಸಾರುವೆ ಮೇಲೆ ನಿಂತು ಗಾರೆ ಮೆತ್ತುವವರ ಕಾಲಡಿಯಲ್ಲಿ ಕೆಲವೊಮ್ಮೆ ಒಂದೇ ಹಲಗೆ. ಇಬ್ನ್ ಸೀನಾನ ಹಲಗೆ ಇವರ ಪಾಲಿಗೆ ಉದಾಹರಣೆಯಲ್ಲ, ಕೂಲಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಆದರೆ ಸೊಂಟದ ಪಟ್ಟಿಯಿಲ್ಲದೆ ಎತ್ತರದಲ್ಲಿ ಕೆಲಸ ಮಾಡುವವರು ಇಂದೂ ಕಣ್ಣಿಗೆ ಬೀಳುತ್ತಾರೆ. ಎರಡು ನಿಮಿಷದ ಸವಾರಿಗೆ ಭುಜದ ಮೇಲೆ ಸರಳು ಇಳಿಯದಿದ್ದರೆ ನಾವು ಕೂಗಾಡುತ್ತೇವೆ. ದಿನವಿಡೀ ಆಸರೆಯಿಲ್ಲದೆ ನಿಂತವರನ್ನು ನೋಡಿ ಸುಮ್ಮನೆ ಮುಂದೆ ಹೋಗುತ್ತೇವೆ. ಇದು ನ್ಯಾಯವೇ?

ಮೋಜು ಪಾಪವೆಂದೋ, ಉದ್ಯಾನಕ್ಕೆ ಹೋಗಬಾರದೆಂದೋ ನಮ್ಮ ವಾದವಲ್ಲ. ಭಯವನ್ನು ಪಳಗಿಸಿ ಆಟವಾಗಿಸಿದ್ದು ಮನುಷ್ಯನ ಜಾಣ್ಮೆಗೆ ಒಳ್ಳೆಯ ಸಾಕ್ಷಿ. ಆದರೆ ಆ ಜಾಣ್ಮೆ, ಆ ಎಚ್ಚರ ಟಿಕೇಟು ಕೊಂಡವರಿಗಷ್ಟೇ ಮೀಸಲಾಗಬಾರದು. ಹಣ ಕೊಟ್ಟು ಹೆದರುವವರ ಸುರಕ್ಷೆಗೆ ತೋರುವ ಕಾಳಜಿಯನ್ನು, ಹೊಟ್ಟೆಪಾಡಿಗಾಗಿ ಹೆದರಿಕೆಯನ್ನು ನುಂಗಿಕೊಂಡವರಿಗೂ ತೋರಬಲ್ಲ ಸಮಾಜ ಮಾತ್ರ ತನ್ನನ್ನು ಸುರಕ್ಷಿತ ಎಂದು ಕರೆದುಕೊಳ್ಳಬಹುದು.