ಹಾಕಿಕೊಟ್ಟವರ ಹೊಣೆ

2022ರಲ್ಲಿ, ಜನರ ಪಾಸ್‌ವರ್ಡ್‌ಗಳನ್ನು ಕಾಪಿಡುವ ಲಾಸ್ಟ್‌ಪಾಸ್ ಕಂಪನಿಯ ಗ್ರಾಹಕರ ಪಾಸ್‌ವರ್ಡ್ ಭಂಡಾರಗಳ ಪ್ರತಿ ಕಳವಾಯಿತು. ಆ ಪ್ರತಿಗಳನ್ನು ಇಟ್ಟಿದ್ದ ಸಂಗ್ರಹದ ಕೀಲಿಗಳು ಸಿಕ್ಕಿದ್ದು ಕಂಪನಿಯ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನಿಂದ. ಅದರಲ್ಲಿ ಸಿನಿಮಾ, ಹಾಡು ಹಂಚುವ ಪ್ಲೆಕ್ಸ್ ಸರ್ವರ್ ಇತ್ತು. ಆ ತಂತ್ರಾಂಶದ ದೋಷಕ್ಕೆ 2020ರ ಮೇ ತಿಂಗಳಲ್ಲೇ ಪರಿಹಾರ ಬಂದಿತ್ತು. ಎರಡು ವರ್ಷ ಕಳೆದರೂ ಅವರು ಅಪ್‌ಡೇಟ್ ಮಾಡಿರಲಿಲ್ಲ. ಕಳ್ಳರು ಅಲ್ಲಿಂದ ಒಳನುಗ್ಗಿ, ಒತ್ತಿದ ಪ್ರತಿ ಅಕ್ಷರವನ್ನೂ ದಾಖಲಿಸುವ ತಂತ್ರಾಂಶ ಕೂರಿಸಿದರು. ಎಂಜಿನಿಯರರ ಮುಖ್ಯ ಪಾಸ್‌ವರ್ಡ್ ಕಳ್ಳರ ಕೈಸೇರಿತು. ಆ ಕೀಲಿಗಳ ಅಧಿಕಾರ ಇದ್ದದ್ದು ಇಡೀ ಕಂಪನಿಯಲ್ಲಿ ನಾಲ್ವರಿಗೆ ಮಾತ್ರ.

ಇಂಥ ಅಧಿಕಾರವನ್ನು ಮನೆಯ ಕಂಪ್ಯೂಟರಿಗೆ ಬಿಟ್ಟ ಕಂಪನಿಯ ತಪ್ಪು ದೊಡ್ಡದು. ಆದರೂ ಆ ಎಂಜಿನಿಯರರ ಮರೆವನ್ನು ನಾನು ಸಣ್ಣದೆನ್ನಲಾರೆ. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ನಷ್ಟ ಆದದ್ದು ಮಾತ್ರ ಅವರನ್ನು ನಂಬಿದವರಿಗೆ.

ಹಾಕಿದ ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆ ಕಾಸರಗೋಡಿನ ಮುಳ್ಳೇರಿಯದ ಕಡೆಯ ಮನೆಗಳಿಗೂ ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಅರ್ಥಗಾರಿಕೆಯ ಕ್ಯಾಸೆಟ್ಟುಗಳು, ಮದುವೆ-ಉಪನಯನದ ವೀಡಿಯೋಗಳು, ತೀರಿಹೋದ ಅಜ್ಜಿಯ ಸ್ವರ: ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿ, ಬೆಂಗಳೂರು, ದುಬೈಯಲ್ಲಿರುವ ಮಕ್ಕಳೂ ಕೇಳಲಿ ಎನ್ನುವುದು ಒಳ್ಳೆಯ ಆಸೆಯೇ. ಅದಕ್ಕೆ ಪ್ಲೆಕ್ಸ್‌ನಂಥದೇ ಆದ ಜೆಲ್ಲಿಫಿನ್ ಸರ್ವರ್ ಹಾಕಿ, ರೌಟರಿನಲ್ಲಿ 8096ನೇ ಪೋರ್ಟ್ ತೆರೆದುಬಿಡುವುದು ಸುಲಭ. ಆದರೆ ಆ ಪೋರ್ಟ್ ಮಗನಿಗೆಷ್ಟು ಕಾಣುತ್ತದೋ, ಇಂಟರ್‌ನೆಟ್ಟಿನ ವಿಳಾಸಗಳನ್ನು ಹಗಲಿರುಳು ತಡಕುವ ಅಪರಿಚಿತ ಯಂತ್ರಗಳಿಗೂ ಅಷ್ಟೇ ಕಾಣುತ್ತದೆ. ಸಾಲದ್ದಕ್ಕೆ, ಅದರಲ್ಲಿ ಪಾಸ್‌ವರ್ಡ್ ಗೂಢಲಿಪಿಯ ರಕ್ಷಣೆಯಿಲ್ಲದೆ ಬಯಲಲ್ಲೇ ಸಾಗುತ್ತದೆ.

ವೈರ್‌ಗಾರ್ಡ್ ಎಂಬ ವಿಪಿಎನ್ ಇದಕ್ಕಿಂತ ಮೇಲು. 2020ರ ಮಾರ್ಚಿನಲ್ಲಿ ಅದು ಲಿನಕ್ಸ್ 5.6ರೊಳಗೇ ಸೇರಿತು. ಸರಿಯಾದ ಕೀಲಿಯಿಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಅಲ್ಲೊಂದು ಸರ್ವರ್ ಇದೆಯೆಂಬ ಸುಳಿವೂ ಸಿಗದು. ಮಗನ ಫೋನಿಗೊಂದು ಕೀಲಿ, ಮಗಳ ಫೋನಿಗೊಂದು. ಫೋನ್ ಕಳೆದುಹೋದರೆ ಅದೊಂದನ್ನು ಅಳಿಸಿದರಾಯಿತು. ಮನೆಗೆ ಸ್ವಂತ ಸಾರ್ವಜನಿಕ ವಿಳಾಸ ಸಿಗದ ಕಡೆ ಟೇಲ್‌ಸ್ಕೇಲ್ ಎಂಬ ಸೇವೆ ಇದೇ ಕೆಲಸ ಮಾಡಿಕೊಡುತ್ತದೆ.

ನನ್ನ ಚಿಂತೆ ಇದಕ್ಕಿಂತ ಮುಂದಿನದು. ರಜೆಗೆ ಬಂದ ಮಗ ಎಲ್ಲ ಜೋಡಿಸಿ ಹೋಗುತ್ತಾನೆ. ಸರ್ವರಿನ ಪೆಟ್ಟಿಗೆ ಟಿವಿಯ ಪಕ್ಕ ಹಸಿರು ದೀಪ ಮಿಣುಕಿಸುತ್ತ ಕೂತಿರುತ್ತದೆ. ಅದರೊಳಗೇನಿದೆಯೆಂದು ಅಪ್ಪ-ಅಮ್ಮನಿಗೆ ಗೊತ್ತಿಲ್ಲ. ಅವರ ಬ್ಯಾಂಕ್ ವ್ಯವಹಾರ ನಡೆಯುವುದೂ ಅದೇ ರೌಟರಿನಲ್ಲಿ. ಒಳಗಿರುವ ವೀಡಿಯೋಗಳಲ್ಲಿ ಅತ್ತಿಗೆ, ಸೋದರಸೊಸೆಯರ ಮುಖಗಳಿವೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಅಪ್‌ಡೇಟಿನ ಹೊಣೆ ಆ ಮುದುಕರದಲ್ಲ, ಹಾಕಿಕೊಟ್ಟವನದೇ.

ಹಾಡು ಕೇಳುವ ಅದೇ ದಾರಿಯಲ್ಲಿ ದುಬೈಯಿಂದಲೇ ಅಪ್‌ಡೇಟ್ ಮಾಡಬಹುದು. ತಿಂಗಳಿಗೊಮ್ಮೆಯಾದರೂ ಮಾಡಿ. ಮಾಡಲಾಗದಿದ್ದರೆ ಮುಂದಿನ ಸಲ ಊರಿಗೆ ಬಂದಾಗ ಆ ದಾರಿಯನ್ನೇ ಮುಚ್ಚಿ ಹೋಗಿ.