ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತದೆ

ದೊಡ್ಡಪ್ಪ: ಕಂಪ್ಯೂಟರಿನೊಳಗೆ ಆನೆ ನಡೆಸ್ತೀಯಂತೆ. ಸಕಲೇಶಪುರದಲ್ಲಿ ಹುಟ್ಟಿ ಬೆಳೆದ ನಮಗೇ ಹಲಸಿನ ಕಾಲದಲ್ಲಿ ಅದು ಯಾರ ತೋಟಕ್ಕೆ ಇಳಿಯುತ್ತೆ ಅಂತ ತಿಳಿಯಲ್ಲ. ನಿನ್ನ ಯಂತ್ರಕ್ಕೆ ತಿಳಿಯುತ್ತಾ?

ಸುಮಾ: ಇವತ್ತು ರಾತ್ರಿ ಯಾರ ತೋಟ ಅಂತ ಅದು ಹೇಳಲ್ಲ ದೊಡ್ಡಪ್ಪ. ಹೇಳುತ್ತೆ ಅಂದವರನ್ನು ನಂಬಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೇರಳದ ಪೆರಿಯಾರ್-ಅಗಸ್ತ್ಯಮಲೆ ಕಾಡಂಚಿಗೆ ಇಂಥ ಮಾಡೆಲ್ ಕಟ್ಟಿದ್ದಾರೆ. ಆ ಮಾಡೆಲಿನ ಆನೆಗೆ ಹಸಿವಿದೆ, ಬಿಸಿಲಿನ ತಾಪವಿದೆ, ಬೆಳೆಯ ರುಚಿ ಹತ್ತಿದ ಅಭ್ಯಾಸವಿದೆ. ಹೆಜ್ಜೆಹೆಜ್ಜೆಗೂ ನೆರಳಿಗೆ ಹೋಗಲೋ ಮೇವಿಗೆ ಹೋಗಲೋ ಅಂತ ಅದು ತೀರ್ಮಾನಿಸಬೇಕು. ಕಾಡಿನಲ್ಲಿ ಮೇವು ಕಡಿಮೆಯಾದರೆ ಏನಾಗುತ್ತೆ ಅಂತ ಅಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು. ನಿಜವಾದ ಕಾಡಿನಲ್ಲಿ ಒಂದು ಸಲವೂ ಹಾಗೆ ಮಾಡಿ ನೋಡುವ ಹಕ್ಕು ನಮಗಿಲ್ಲ.

ದೊಡ್ಡಪ್ಪ: ಹಕ್ಕಿಲ್ಲದಿದ್ದರೂ ಮಾಡಿ ನೋಡಿದ್ದೇವಲ್ಲ! 2014ರ ಸುಮಾರಿಗೆ ಆಲೂರು ಕಡೆ 22 ಆನೆ ಹಿಡಿದು ಸಾಗಿಸಿದರು. ಇನ್ನು ನೆಮ್ಮದಿ ಅಂದುಕೊಂಡೆವು. ಬೇರೆ ಆನೆ ಬಂದವು.

ಸುಮಾ: ಸಾಗಿಸಿದ ಆನೆಗಳ ಲೆಕ್ಕ ಇತ್ತು, ಅವು ಖಾಲಿ ಬಿಟ್ಟುಹೋದ ನೆಲದ ಲೆಕ್ಕ ಇರಲಿಲ್ಲ. ನೀರು, ನೆರಳು, ಬೈನೆ ಮರ ಎಲ್ಲ ಅಲ್ಲೇ ಇತ್ತಲ್ಲ.

ದೊಡ್ಡಪ್ಪ: ಸರಿ, ಆನೆಯ ಹಸಿವಿಗೆ ಒಂದು ಅಂಕಿ ಕೊಟ್ಟೆ. ಮನುಷ್ಯನಿಗೇನು ಕೊಡ್ತೀಯ? ನಾನು ಕೈಮುಗಿದು ಪಕ್ಕಕ್ಕೆ ಸರೀತೀನಿ, ಪಕ್ಕದ ತೋಟದವನು ಪಟಾಕಿ ಹಚ್ತಾನೆ. ತೆನೆ ತುಂಬಿದ ಗದ್ದೆ ಒಂದೇ ರಾತ್ರಿಗೆ ಕೆಸರಾದಾಗ ಅದರ ಮುಂದೆ ನಿಂತವನ ಹೊಟ್ಟೆಯುರಿಗೆ ಯಾವ ಅಂಕಿ? ಸಹನೆ ಅಳೆಯುವಂಥದ್ದಲ್ಲ ಕಣಮ್ಮ.

ಸುಮಾ: ಅಳೆಯುವಂಥದ್ದಲ್ಲ, ನಿಜ. ಆದರೆ ಹಾಗಂತ ಮಾಡೆಲಿನಲ್ಲಿ ಬಿಟ್ಟರೆ ಅದು ಹೊರಗೇನೂ ಉಳಿಯಲ್ಲ, ಸೊನ್ನೆಯಾಗಿ ಒಳಗೇ ಕೂರುತ್ತೆ. ಎಷ್ಟು ಗದ್ದೆ ಹೋದರೂ, ಎಷ್ಟು ಜನ ಸತ್ತರೂ ಊರಿನವರು ಒಂದೇ ಥರ ಇರ್ತಾರೆ ಅಂತ ಬರೆದ ಹಾಗೆ. ನಾನು ತಪ್ಪು ಅಂಕಿ ಹಾಕಿದರೆ ನೀವು ಅದನ್ನು ತೋರಿಸಿ ಜಗಳ ಆಡಬಹುದು. ಕಣ್ಣಿಗೇ ಕಾಣದ ಸೊನ್ನೆಯ ಮೇಲೆ ಹೇಗೆ ಜಗಳ ಆಡ್ತೀರಿ?

ದೊಡ್ಡಪ್ಪ: ಆ ಅಂಕಿ ಹಾಕೋರು ಯಾರು? ಬೆಂಗಳೂರಲ್ಲಿ ಕೂತವರಾ?

ಸುಮಾ: ನಿದ್ದೆ ಕೆಡಿಸೋದೇ ಆ ಪ್ರಶ್ನೆ. ಮಾಲೀಕರನ್ನು ಕೇಳಿದರೆ ಮುರಿದ ಕಾಫಿ ಗಿಡದ ಮಾತು ಬರುತ್ತೆ. ಲೈನ್ ಮನೆಯ ಕೂಲಿ ಹೆಂಗಸರನ್ನು ಕೇಳಿದರೆ ಬೆಳಗಿನ ಮಂಜಿನಲ್ಲಿ ಕೊಯ್ಲಿಗೆ ನಡೆಯುವ ದಾರಿಯ ಮಾತು. ಗಿಡಕ್ಕಾದರೂ ಪರಿಹಾರದ ಅರ್ಜಿ ಇದೆ, ದಿನಾ ಜೀವ ಕೈಯಲ್ಲಿ ಹಿಡಿದು ನಡೆಯೋದಕ್ಕೆ ಯಾವ ಅರ್ಜಿ?

ದೊಡ್ಡಪ್ಪ: ಮಂಜು ಕರಗಿದ ಮೇಲೆ, ಒಂದು ಗಂಟೆ ತಡವಾಗಿ ಕೊಯ್ಲು ಶುರು ಮಾಡಿದರೆ ಏನಾಗುತ್ತೆ ಅಂತ ನಿನ್ನ ಯಂತ್ರದಲ್ಲಿ ನೋಡಕ್ಕಾಗುತ್ತಾ?

ಸುಮಾ: ಆಗುತ್ತೆ. ಆ ಒಂದು ಗಂಟೆಯ ಕೂಲಿ ಯಾರದು ಅಂತಲೂ ಬರೀಬೇಕು.

ದೊಡ್ಡಪ್ಪ: ನಂದು ಅಂತ ಬರಿ. ಭಾನುವಾರ ಬೆಳೆಗಾರರ ಸಭೆ ಇದೆ, ನೀನೂ ಬಾ. ಇನ್ನು ಯಾರ್‍ಯಾರು ಹಾಗೆ ಬರೆಸ್ತಾರೆ ಅಂತ ಕೇಳೋಣ.